ಕಂಡವರ ಮಾತು, ಕಚೇರಿಯ ತೀರ್ಪು

ನಮ್ಮ ದೇಶದ ಉತ್ತರದ ಗಡಿಯಾದ ಲದಾಖಿನಲ್ಲಿ, ಪಾಂಗೋಂಗ್ ಎಂಬ ಸರೋವರದ ಪ್ರಾಂತದಲ್ಲಿ ಪಹರೆಯಿದ್ದ ಸೈನಿಕರು 2012ನೆಯ ಇಸವಿಯ ಆಗಸ್ಟ್ ಮೊದಲ್ಗೊಂಡು 2013ರ ಫೆಬ್ರವರಿಯವರೆಗೆ, ಗುರುತು ತಿಳಿಯದ ಬೆಳಕುಗಳನ್ನು ಆಕಾಶದಲ್ಲಿ 329 ಸಲ ಕಂಡುದಾಗಿ ಬರೆದಿಟ್ಟರು. ಇವುಗಳಲ್ಲಿ 155 ಸಲ ಆ ಬೆಳಕುಗಳು ಗಡಿಯನ್ನು ದಾಟಿ ನಮ್ಮ ಸೀಮೆಯೊಳಕ್ಕೆ ಬಂದುವೆಂದೂ ದಾಖಲೆ ಮಾಡಿದರು. ನೆರೆರಾಜ್ಯದವರು ಚಾಲಕರಿಲ್ಲದ ವಿಮಾನಗಳನ್ನು, ಈಗಿನವರು ಡ್ರೋನ್ ಎಂದು ಕರೆಯುವಂಥವನ್ನು, ಕಳುಹಿಸುತ್ತಿರಬಹುದೆಂಬ ಶಂಕೆ ಸಹಜವಾಗಿಯೇ ಹುಟ್ಟಿತು. ಸೈನ್ಯದವರು ದುಡುಕಲಿಲ್ಲ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯನ್ನುಳ್ಳ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಪಂಡಿತರ ಸಹಾಯವನ್ನು ಪಡೆದರು. ಪಂಡಿತರು ಮೊದಲು ಕೇಳಿದ ಪ್ರಶ್ನೆ ಬಹು ಸರಳವಾದುದು: ಈ ಬೆಳಕು ನಕ್ಷತ್ರಗಳ ಜೊತೆಯಲ್ಲಿ ಚಲಿಸುವುದೋ, ಅವುಗಳನ್ನು ಬಿಟ್ಟು ಬೇರೆಯಾಗಿ ಚಲಿಸುವುದೋ? ಹೊತ್ತು, ದಿಕ್ಕು, ಎತ್ತರಗಳನ್ನು ತಾಳೆ ನೋಡಿದ ಮೇಲೆ ಉತ್ತರ ದೊರೆಯಿತು. ಒಂದು ಗುರುಗ್ರಹ, ಇನ್ನೊಂದು ಶುಕ್ರಗ್ರಹ.

ಈ ವರ್ತಮಾನ 2013ರ ಜುಲೈ ತಿಂಗಳಲ್ಲಿ ಪತ್ರಿಕೆಗಳಲ್ಲಿ ಬಂದಾಗ ಪರದೇಶದವರೂ ನಕ್ಕರು, ಸ್ವದೇಶದವರೂ ನಕ್ಕರು. ನಮ್ಮ ಮನೆಯವರು ಪತ್ರಿಕೆಯನ್ನು ಮಡಿಸಿಡುತ್ತಾ, "ಗುರು ಶುಕ್ರರಿಗೆ ಗಡಿಯ ಕಲ್ಲು ಎಲ್ಲಿ ನೆಟ್ಟಿದೆ ಅಂತ ಯಾರು ಹೇಳಬೇಕಿತ್ತು?" ಎಂದರು. ಮಾತು ಚೆನ್ನಾಗಿಯೇ ಇತ್ತು. ಆದರೂ ನಮಗೆ ಮಾತ್ರ ನಗುವುದು ಸಾಧ್ಯವಾಗಲಿಲ್ಲ. ಆ ವರ್ಷದ ಪಂಚಾಂಗ ನಮ್ಮಲ್ಲಿ ಇನ್ನೂ ಇದೆ. ಗುರು ವೃಷಭರಾಶಿಯಲ್ಲಿ ರೋಹಿಣಿಯ ಸಮೀಪದಲ್ಲಿದ್ದನು. ಡಿಸೆಂಬರ್ 3ನೆಯ ತಾರೀಖಿನ ಸುಮಾರಿಗೆ ಸೂರ್ಯನಿಗೆ ನೇರ ಎದುರಾಗಿ ಬಂದು, ಸೂರ್ಯಾಸ್ತಕ್ಕೆ ಹುಟ್ಟಿ ಬೆಳಗಾಗುವವರೆಗೂ ಬೆಳಗುತ್ತಿದ್ದನು. ಶುಕ್ರನಾದರೋ ಬೆಳಗಿನ ಜಾವದ ಬೆಳ್ಳಿಯಾಗಿ ಸೂರ್ಯನಿಗಿಂತ ಮುಂಚೆ ಮೂಡುತ್ತಿದ್ದನು. ಸುಮಾರು ಹದಿನಾಲ್ಕು ಸಾವಿರ ಅಡಿ ಎತ್ತರದ ಆ ಪ್ರದೇಶದಲ್ಲಿ ಗಾಳಿ ತೆಳು. ಊರ ದೀಪಗಳಿಲ್ಲ, ಧೂಳಿಲ್ಲ. ಬಯಲುಸೀಮೆಯ ಬೀದಿದೀಪದ ಕೆಳಗೆ ನಿಂತು ನಾವು ನೋಡುವ ಶುಕ್ರನಿಗೂ ಅಲ್ಲಿಯ ಶುಕ್ರನಿಗೂ ಬಹಳ ಅಂತರವುಂಟು.

ನಮ್ಮಲ್ಲಿ ಮೂರು ವರ್ಷ ಸಂಸ್ಕೃತವನ್ನು ಓದಿದ, ಓದಿದನೆನ್ನುವುದಕ್ಕಿಂತ ಕೇಳಿಸಿಕೊಂಡ ಎನ್ನುವುದೇ ಸರಿ, ಹುಡುಗನೊಬ್ಬನು ಸೇನೆಗೆ ಸೇರಿ, ಹವಾಲ್ದಾರನಾಗಿ ನಿವೃತ್ತಿ ಹೊಂದಿ ಈಗ ಊರಿಗೆ ಬಂದಿದ್ದಾನೆ. ಲದಾಖಿನಲ್ಲಿಯೇ ಬೇರೊಂದು ಠಾಣೆಯಲ್ಲಿ ಎರಡು ಚಳಿಗಾಲ ಕಳೆದವನು. ಒಂದು ದಿನ ಜಗುಲಿಯ ಮೇಲೆ ಕುಳಿತಿದ್ದಾಗ ಈ ಪ್ರಸ್ತಾಪ ಬಂದಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ರಾತ್ರಿ ಎರಡು ಗಂಟೆ ಚಳಿಯಲ್ಲಿ ಒಬ್ಬನೇ ನಿಂತು ಒಂದೇ ಬೆಳಕನ್ನ ನೋಡ್ತಾ ಇದ್ರೆ ಅದು ಅಲುಗಾಡೋಕೆ ಶುರುವಾಗುತ್ತೆ. ಅದನ್ನ ಬರೀಬೇಕೋ ಬೇಡವೋ? ಬರೆದ್ರೆ ನಗ್ತಾರೆ. ಬರೀದೆ ಬಿಟ್ಟು, ಅದು ನಿಜವಾಗ್ಲೂ ಶತ್ರುವಿನದಾಗಿದ್ರೆ?" ಎಂದನು. ನಾವು ಉತ್ತರ ಕೊಡಲಿಲ್ಲ. ಆದರೆ ಈ ಲೇಖನಕ್ಕೆ ಅವನ ಪ್ರಶ್ನೆಯೇ ಕಾರಣವೆಂದು ವಾಚಕರು ತಿಳಿಯಬಹುದು. ಏಕೆಂದರೆ ಅದೇ 2013ರ ಏಪ್ರಿಲಿನಲ್ಲಿ ಲದಾಖಿನ ದೆಪ್ಸಾಂಗ್ ಬಯಲಿನಲ್ಲಿ ಎರಡು ಸೈನ್ಯಗಳೂ ಸುಮಾರು ಮೂರು ವಾರ ಎದುರೆದುರಾಗಿ ಡೇರೆ ಹಾಕಿ ನಿಂತಿದ್ದುವು. ಅಂಥ ಕಾಲದಲ್ಲಿ ಗ್ರಹವನ್ನು ವಿಮಾನವೆಂದು ತಿಳಿದು ಯಾರಾದರೂ ಬಂದೂಕನ್ನೆತ್ತಿದ್ದರೆ ಪರಿಣಾಮವೇನಾಗುತ್ತಿತ್ತೋ, ಊಹಿಸುವುದಕ್ಕೂ ಭಯವಾಗುತ್ತದೆ.

ಬೆಳಕು ಅಲುಗಾಡುವುದೆಂದು ಅವನು ಹೇಳಿದ್ದು ಅಕ್ಷರಶಃ ನಿಜ. ಕತ್ತಲೆಯಲ್ಲಿ ಸುತ್ತಲೂ ಆಧಾರವಾಗಿ ಬೇರೆ ಯಾವ ವಸ್ತುವೂ ಕಾಣದಿರುವಾಗ, ಒಂದೇ ಬಿಂದುವನ್ನು ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದರೆ, ನಿಶ್ಚಲವಾದ ಬಿಂದುವೂ ಚಲಿಸಿದಂತೆ ತೋರುವುದೆಂದು ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿ ತೋರಿಸಿದ್ದಾರೆ. ನಮ್ಮ ಹಿಂದಿನವರಿಗೂ ಇಂದ್ರಿಯಗಳ ಮಿತಿ ತಿಳಿಯದ ವಿಷಯವಾಗಿರಲಿಲ್ಲ. ಇರುವ ವಸ್ತು ಏಕೆ ಕಾಣದೆ ಹೋಗುತ್ತದೆಂಬುದಕ್ಕೆ ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಎಂಟು ಕಾರಣಗಳನ್ನು ಎಣಿಸಿದ್ದಾನೆ. ಅತಿದೂರ, ಅತಿಸಾಮೀಪ್ಯ, ಇಂದ್ರಿಯದ ಊನ, ಮನಸ್ಸು ಬೇರೆಲ್ಲೋ ಇರುವುದು, ವಸ್ತುವಿನ ಸೂಕ್ಷ್ಮತೆ, ನಡುವೆ ಅಡ್ಡವಿರುವುದು, ಪ್ರಬಲವಾದುದರಿಂದ ಮುಚ್ಚಿಹೋಗುವುದು, ಸಮಾನವಾದುವುಗಳಲ್ಲಿ ಬೆರೆತುಹೋಗುವುದು. ಇನ್ನು ಕಂಡದ್ದು ಬೇರೊಂದಾಗಿ ತೋರುವುದಕ್ಕೆ ಹಗ್ಗದ ಹಾವು, ಚಿಪ್ಪಿನ ಬೆಳ್ಳಿ ಎಂಬ ದೃಷ್ಟಾಂತಗಳನ್ನು ಕೇಳದವರಾರು? ಆದರೆ ಒಂದು ಮಾತು. ಹಗ್ಗವನ್ನು ಹಾವೆಂದು ಕಂಡವನು ಏನನ್ನೂ ಕಾಣಲಿಲ್ಲವೆಂದು ಯಾವ ಶಾಸ್ತ್ರಕಾರನೂ ಹೇಳಿಲ್ಲ. ಅಲ್ಲಿ ಹಗ್ಗವಿದ್ದೇ ಇತ್ತು.

ಆಕಾಶವನ್ನು ನೋಡುವುದಕ್ಕೆ ರಾಜರು ಸಂಬಳ ಕೊಟ್ಟು ಜನರನ್ನಿಡುವುದೂ ಹೊಸ ಪದ್ಧತಿಯೇನಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಹಗಲಿರುಳೂ ತೋರುವ ನಿಮಿತ್ತಗಳನ್ನು ಒಬ್ಬನೇ ಜ್ಯೋತಿಷಿಯು ಗಮನಿಸುವುದು ಅಶಕ್ಯವೆಂದೂ, ಆದುದರಿಂದ ಬಲ್ಲವರಾದ ಇನ್ನೂ ನಾಲ್ವರನ್ನು ನೇಮಿಸಿ ಒಬ್ಬೊಬ್ಬರಿಗೆ ಎರಡೆರಡು ದಿಕ್ಕುಗಳನ್ನು ಹಂಚಿಕೊಡಬೇಕೆಂದೂ ವಿಧಿಸಿದ್ದಾನೆ. ಅವನು ಕೊಡುವ ಕಾರಣವೂ ಸೊಗಸಾಗಿದೆ: ಉಲ್ಕೆ ಮೊದಲಾದುವು ಬಹು ಬೇಗ ಮಾಯವಾಗುವುವು. ಕಂಡ ಬೆಳಕು ಮತ್ತೊಮ್ಮೆ ಬಂದು ಸಾಕ್ಷಿ ನುಡಿಯುವುದಿಲ್ಲವೆಂಬುದೇ ಎಲ್ಲ ಕಾಲದ ತನಿಖೆದಾರರಿಗೂ ತೊಡಕು.

ಈ ತೊಡಕಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಸಿಕ್ಕಿಬಿದ್ದವರು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವಾಯುಸೇನೆಯವರು. 1947ರ ಜೂನ್ 24ರಂದು ಕೆನೆತ್ ಆರ್ನಲ್ಡ್ ಎಂಬ ವರ್ತಕನು ತನ್ನ ಚಿಕ್ಕ ವಿಮಾನದಲ್ಲಿ ಹೋಗುತ್ತಿದ್ದಾಗ, ವಾಷಿಂಗ್ಟನ್ ಸಂಸ್ಥಾನದ ರೇನಿಯರ್ ಪರ್ವತದ ಬಳಿ ಹೊಳೆಯುವ ಒಂಬತ್ತು ವಸ್ತುಗಳನ್ನು ಕಂಡನು. ನೀರಿನ ಮೇಲೆ ಬೀಸಿ ಎಸೆದ ತಟ್ಟೆ ಹೇಗೆ ಕುಪ್ಪಳಿಸುವುದೋ ಹಾಗೆ ಅವು ಹೋದುವೆಂದು ಅವನು ಚಲನೆಯನ್ನು ವರ್ಣಿಸಿದನು. ಪತ್ರಿಕೆಯವರು ಅದನ್ನು ಆಕಾರಕ್ಕೆ ಅನ್ವಯಿಸಿ 'ಹಾರುವ ತಟ್ಟೆ'ಯೆಂದು ನಾಮಕರಣ ಮಾಡಿಬಿಟ್ಟರು. ಉಪಮಾನದ ಸಾಧಾರಣಧರ್ಮವನ್ನು ತಪ್ಪಾಗಿ ತಿಳಿದರೆ ಎಷ್ಟು ಅನರ್ಥವಾಗುವುದೆಂಬುದಕ್ಕೆ ಅಲಂಕಾರಶಾಸ್ತ್ರದ ಪಾಠದಲ್ಲಿ ಇದಕ್ಕಿಂತ ಉತ್ತಮವಾದ ಉದಾಹರಣೆ ಸಿಕ್ಕದು. ಅಲ್ಲಿಂದ ಮುಂದೆ ಜನರಿಗೆ ತಟ್ಟೆಗಳೇ ಕಾಣತೊಡಗಿದುವು.

ಏಳು ತಿಂಗಳೊಳಗೆ ಇದು ಪ್ರಾಣಕ್ಕೆ ಬಂದಿತು. 1948ರ ಜನವರಿ 7ರಂದು ಕೆಂಟಕಿ ಸಂಸ್ಥಾನದಲ್ಲಿ ತಾಮಸ್ ಮ್ಯಾಂಟೆಲ್ ಎಂಬ ಇಪ್ಪತ್ತೈದು ವರ್ಷದ ವೈಮಾನಿಕನು, ವಿಮಾನನಿಲ್ದಾಣದವರು ಕಂಡ ವಸ್ತುವೊಂದನ್ನು ಬೆನ್ನಟ್ಟಿ, ಪ್ರಾಣವಾಯುವಿನ ಸಲಕರಣೆಯಿಲ್ಲದೆ ಇಪ್ಪತ್ತು ಸಾವಿರ ಅಡಿಗಳಿಗಿಂತ ಮೇಲಕ್ಕೇರಿದನು. ಸಂಗಡಿಗರು ಹಿಂದಿರುಗಿದರು, ಅವನು ಹಿಂದಿರುಗಲಿಲ್ಲ. ಎಚ್ಚರ ತಪ್ಪಿರಬೇಕು. ವಿಮಾನವು ನೆಲಕ್ಕೆ ಬಿದ್ದು ಅವನು ಮಡಿದನು. ಮೊದಲು ತನಿಖೆಯವರು ಅವನು ಬೆನ್ನಟ್ಟಿದ್ದು ಶುಕ್ರನನ್ನೆಂದರು. ಬಹುಮಟ್ಟಿಗೆ ಅದು ನೌಕಾದಳದವರು ಗುಟ್ಟಾಗಿ ಹಾರಿಸುತ್ತಿದ್ದ ದೊಡ್ಡ ಬಲೂನಾಗಿರಬೇಕೆಂಬ ಅಭಿಪ್ರಾಯ ಆಮೇಲೆ ನೆಲೆಗೊಂಡಿತು. ತನ್ನವರದೇ ಗುಟ್ಟನ್ನು ಬೆನ್ನಟ್ಟಿ ಸತ್ತ ಆ ತರುಣನ ಮನೆಯವರಿಗೆ ಶುಕ್ರನ ಹೆಸರನ್ನು ಹೇಳಿ ಕಳುಹಿಸಿದ್ದು ನಮಗೆ ಈಗಲೂ ಸಂಕಟವನ್ನುಂಟುಮಾಡುತ್ತದೆ.

ಆ ವಾಯುಸೇನೆಯ ತನಿಖಾ ವಿಭಾಗಕ್ಕೆ 1948ರಲ್ಲಿ 'ಸೈನ್' ಎಂದು ಹೆಸರು, ಅಂದರೆ ಸಂಕೇತ. 1949ರಲ್ಲಿ 'ಗ್ರಡ್ಜ್' ಎಂದಾಯಿತು. ಅಂದರೆ ಹಗೆ, ಮನಸ್ಸಿನಲ್ಲಿಟ್ಟುಕೊಂಡ ಮುನಿಸು. ಹೆಸರಿನಲ್ಲಿಯೇ ಕಚೇರಿಯ ಮನೋಧರ್ಮವು ವ್ಯಕ್ತವಾಗಿಹೋಯಿತಲ್ಲಾ! 1952ರಲ್ಲಿ 'ಬ್ಲೂ ಬುಕ್', ಎಂದರೆ ನೀಲಿ ಪುಸ್ತಕ, ಎಂಬ ಹೆಸರು ಬಂದಿತು. ಅಲ್ಲಿಯ ಕಾಲೇಜುಗಳಲ್ಲಿ ಪರೀಕ್ಷೆಗೆ ಕೊಡುವ ನೀಲಿ ಹೊದಿಕೆಯ ಉತ್ತರಪುಸ್ತಕದಿಂದ ಇದನ್ನು ತೆಗೆದುಕೊಂಡರಂತೆ. ಜೀವಮಾನವೆಲ್ಲ ಉತ್ತರಪತ್ರಿಕೆಗಳನ್ನು ತಿದ್ದಿದ ನಮಗೆ ಈ ಹೆಸರಿನ ಮೇಲೆ ಸ್ವಲ್ಪ ಪಕ್ಷಪಾತವುಂಟು. ಇದರ ಮೊದಲನೆಯ ಮುಖ್ಯಾಧಿಕಾರಿ ಎಡ್ವರ್ಡ್ ರಪೆಲ್ಟ್ ಎಂಬ ಕ್ಯಾಪ್ಟನ್. 'ಹಾರುವ ತಟ್ಟೆ' ಎಂಬ ಮಾತನ್ನು ಬಿಟ್ಟು 'ಗುರುತಿಸಲಾಗದ ಹಾರುವ ವಸ್ತು' ಎಂಬ ಮಾತನ್ನು ರೂಢಿಗೆ ತಂದವನು ಈತನೇ. ಗೊತ್ತಿಲ್ಲವೆಂಬುದನ್ನು ಹೆಸರಿನಲ್ಲಿಯೇ ಒಪ್ಪಿಕೊಳ್ಳುವುದು ಸಣ್ಣ ಗುಣವಲ್ಲ.

ಅದೇ 1952ರ ಜುಲೈ ತಿಂಗಳಲ್ಲಿ, ಒಂದಾದ ಮೇಲೊಂದು ಎರಡು ಶನಿವಾರಗಳ ರಾತ್ರಿ, ರಾಜಧಾನಿಯಾದ ವಾಷಿಂಗ್ಟನ್ ನಗರದ ಮೇಲೆಯೇ ರೇಡಾರ್ ಯಂತ್ರಗಳಲ್ಲಿ ಅಪರಿಚಿತ ಗುರುತುಗಳು ಕಾಣಿಸಿಕೊಂಡುವು. ಜೆಟ್ ವಿಮಾನಗಳನ್ನು ಓಡಿಸಿದರೂ ಏನೂ ಕೈಗೆ ಸಿಕ್ಕಲಿಲ್ಲ. ಜುಲೈ 29ರಂದು ಸೇನಾಧಿಕಾರಿಗಳು ಪತ್ರಿಕಾಗೋಷ್ಠಿ ಕರೆದು, ನೆಲದ ಬಳಿಯ ತಂಪುಗಾಳಿಯ ಮೇಲೆ ಬಿಸಿಗಾಳಿಯ ಪದರ ಕುಳಿತಾಗ ರೇಡಾರಿನ ಕಿರಣಗಳು ಬಾಗಿ ಸುಳ್ಳು ಗುರುತುಗಳನ್ನು ತೋರುವ ಸಂಭವವಿದೆಯೆಂದು ವಿವರಿಸಿದರು. ಗಂಧರ್ವನಗರವೆಂದು ನಮ್ಮವರು ಹೇಳುವ ಗಾಳಿಯೊಳಗಿನ ಪಟ್ಟಣಕ್ಕೂ ಮರೀಚಿಕೆಗೂ ಮೂಲವಾದ ತತ್ತ್ವ ಇದೇ. ಮರುವರ್ಷದ ಜನವರಿಯಲ್ಲಿ ರಾಬರ್ಟ್‌ಸನ್ ಎಂಬ ಭೌತವಿಜ್ಞಾನಿಯ ಅಧ್ಯಕ್ಷತೆಯಲ್ಲಿ ಗುಪ್ತಚರ ಇಲಾಖೆಯವರು ಸೇರಿಸಿದ ಪಂಡಿತರ ಮಂಡಲಿಯು, ಈ ವಸ್ತುಗಳಿಂದ ದೇಶಕ್ಕೆ ನೇರವಾದ ಅಪಾಯ ಕಾಣುವುದಿಲ್ಲ, ಆದರೆ ಇವುಗಳ ವರದಿಗಳೇ ಗುಂಪುಗೂಡಿ ಸೇನೆಯ ಸುದ್ದಿಯ ಮಾರ್ಗಗಳನ್ನು ಕಟ್ಟಿಹಾಕಿದರೆ ಅಪಾಯವುಂಟು ಎಂದು ಹೇಳಿತು. ಜನರ ಮನಸ್ಸಿನಿಂದ ಇದರ ಬೆಡಗನ್ನು ತೆಗೆದುಹಾಕಬೇಕೆಂದೂ ಸಲಹೆ ಮಾಡಿತು. ಅಂದಿನಿಂದ ಹುಡುಕುವುದು ಕಡಮೆಯಾಗಿ, ಸಮಾಧಾನ ಹೇಳಿ ಕಳುಹಿಸುವುದು ಹೆಚ್ಚಾಯಿತೆಂದು ನಮ್ಮ ಅಭಿಪ್ರಾಯ.

ಈ ಸಮಾಧಾನ ಹೇಳುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು ಅಲೆನ್ ಹೈನೆಕ್ ಎಂಬ ಖಗೋಳದ ಪ್ರಾಧ್ಯಾಪಕ. ಮೊದಮೊದಲು ಅವನಿಗೆ ಇದೆಲ್ಲ ಹುಚ್ಚೆಂದೇ ತೋರಿತ್ತು. 1966ರ ಮಾರ್ಚಿಯಲ್ಲಿ ಮಿಷಿಗನ್ ಸಂಸ್ಥಾನದಲ್ಲಿ ರೈತರೂ ಕಾಲೇಜಿನ ವಿದ್ಯಾರ್ಥಿನಿಯರೂ ಜೌಗುನೆಲದ ಬಳಿ ಬೆಳಕುಗಳನ್ನು ಕಂಡರು. ಕೊಳೆತ ಸಸ್ಯಗಳಿಂದ ಹುಟ್ಟಿದ ಅನಿಲ, ನಮ್ಮ ಹಳ್ಳಿಗಳಲ್ಲಿ ಕೊಳ್ಳಿದೆವ್ವವೆನ್ನುವಂಥದು, ಅದಾಗಿರಬಹುದೆಂದು ಹೈನೆಕ್ ಪತ್ರಿಕೆಯವರಿಗೆ ತಿಳಿಸಿದನು. ದೇಶವೆಲ್ಲ ಗೊಳ್ಳೆಂದು ನಕ್ಕಿತು, ಕಂಡವರಿಗೆ ಅವಮಾನವಾಯಿತು. ಆ ಸಂಸ್ಥಾನದ ಪ್ರತಿನಿಧಿಯಾಗಿದ್ದ, ಮುಂದೆ ಅಧ್ಯಕ್ಷನೂ ಆದ ಜೆರಾಲ್ಡ್ ಫೋರ್ಡನು, ಜನರಿಗೆ ಇದಕ್ಕಿಂತ ಯೋಗ್ಯವಾದ ಉತ್ತರ ಸಲ್ಲಬೇಕೆಂದು ಶಾಸನಸಭೆಯಲ್ಲಿ ವಿಚಾರಣೆಯನ್ನು ಕೇಳಿದನು. ವಾಯುಸೇನೆಯವರು ಕೊಲೊರಾಡೊ ವಿಶ್ವವಿದ್ಯಾನಿಲಯದ ಕಾಂಡನ್ ಎಂಬ ಭೌತವಿಜ್ಞಾನಿಗೆ ಪರಿಶೀಲನೆಯನ್ನು ಒಪ್ಪಿಸಿದರು. ಇದರಿಂದ ವಿಜ್ಞಾನಕ್ಕೆ ಏನೂ ಲಾಭವಾಗಿಲ್ಲ, ಮುಂದೆ ಆಗುವ ಹಾಗೂ ಕಾಣುವುದಿಲ್ಲವೆಂದು ಅವನ ವರದಿ 1969ರ ಜನವರಿಯಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ನೀಲಿ ಪುಸ್ತಕ ಮುಚ್ಚಿತು. ಒಟ್ಟು ವರದಿಗಳು 12,618. ಇವುಗಳಲ್ಲಿ ಗುರುತು ಸಿಕ್ಕದೆ ಉಳಿದವು 701, ಎಂದರೆ ನೂರಕ್ಕೆ ಐದೂವರೆಯಷ್ಟು. ಹೈನೆಕ್ ಮಾತ್ರ ಸುಮ್ಮನಿರಲಿಲ್ಲ. ಉಳಿದುವನ್ನು ಸರಿಯಾಗಿ ಪರೀಕ್ಷಿಸಲೇ ಇಲ್ಲವೆಂದು 1972ರಲ್ಲಿ ಪುಸ್ತಕ ಬರೆದು, 1973ರಲ್ಲಿ ತಾನೇ ಒಂದು ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದನು.

ಇನ್ನೊಂದು ಸಂಗತಿ 1997ರಲ್ಲಿ ಬಯಲಾಯಿತು. ಆ ದೇಶದ ಗುಪ್ತಚರ ಇಲಾಖೆಯವರೇ ಪ್ರಕಟಿಸಿದ ಇತಿಹಾಸ ಲೇಖನವೊಂದರ ಪ್ರಕಾರ, 1950ರ ದಶಕದ ಕೊನೆಯಿಂದ 1960ರ ದಶಕದುದ್ದಕ್ಕೂ ಬಂದ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಅರವತ್ತು ಸಾವಿರ ಅಡಿಗಳಿಗಿಂತ ಮೇಲೆ ಹಾರುತ್ತಿದ್ದ ಯು-2 ಮೊದಲಾದ ತಮ್ಮದೇ ಬೇಹಿನ ವಿಮಾನಗಳಂತೆ. ತನಿಖೆಯವರು ಒಳಗೊಳಗೇ ವಿಚಾರಿಸಿ ನಿಜವನ್ನು ತಿಳಿದುಕೊಂಡು, ಹೊರಗೆ ಹಿಮದ ಹರಳು, ಗಾಳಿಯ ಪದರ ಎಂದು ಹೇಳಿದರಂತೆ. ಅರ್ಧವೆಂಬ ಲೆಕ್ಕವನ್ನು ಒಪ್ಪದವರೂ ಉಂಟು; ಅದು ಹಾಗಿರಲಿ. ದೇಶದ ಗುಟ್ಟನ್ನು ಕಾಪಾಡುವುದು ಅಗತ್ಯವಾಗಿದ್ದಿರಬಹುದು. ಆದರೂ ಸರಿಯಾಗಿ ಕಂಡ ಮನುಷ್ಯನಿಗೆ ನಿನ್ನ ಕಣ್ಣೇ ಸರಿಯಿಲ್ಲವೆಂದು ಸರ್ಕಾರದ ಮುದ್ರೆಯೊತ್ತಿ ಹೇಳುವುದು ಧರ್ಮವೇ? ಉತ್ತರ ಹೇಳದಿದ್ದರೆ ಸಾಕಾಗಿತ್ತು. ಲದಾಖಿನ ಸೈನಿಕರಿಗೆ ದೊರೆತ ನ್ಯಾಯ ಇದಕ್ಕಿಂತ ಎಷ್ಟೋ ಮೇಲು. ನೀನು ಕಂಡದ್ದು ನಿಜ, ಅದು ಇಂಥದು, ಇಂಥ ಕಡೆ ಇತ್ತು ಎಂದು ಅವರಿಗೆ ಹೇಳಿದ್ದು.

ನಾವು ಸಂಸ್ಕೃತದವರೆಂದು ತಿಳಿದು ಕೆಲವರು ವೈಮಾನಿಕ ಶಾಸ್ತ್ರವೆಂಬ ಪುಸ್ತಕವನ್ನು ಹಿಡಿದುಕೊಂಡು ಬರುತ್ತಾರೆ. ಹಾರುವ ತಟ್ಟೆಗಳು ನಮ್ಮ ಪುರಾತನರ ವಿಮಾನಗಳೇ ಅಲ್ಲವೇ ಎಂದು ಅವರ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪಂಡಿತರು 1974ರಲ್ಲಿಯೇ ಆ ಗ್ರಂಥವನ್ನು ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ ಆರಂಭದ ರಚನೆಯೆಂದೂ, ಅದರಲ್ಲಿ ಹೇಳಿರುವ ವಿಮಾನಗಳು ಹಾರಲಾರವೆಂದೂ ತೋರಿಸಿದ್ದಾರೆ. ಭಾಷೆಯನ್ನು ನೋಡಿದರೆ ನಮಗೂ ಹಾಗೆಯೇ ತೋರುತ್ತದೆ. ಬಂದವರಿಗೆ ಕಾಫಿ ಕೊಟ್ಟು ಇಷ್ಟನ್ನು ಹೇಳಿ ಕಳುಹಿಸುತ್ತೇವೆ.

ಅಮೆರಿಕಾದವರು 2022ರಲ್ಲಿ ತಮ್ಮ ರಕ್ಷಣಾ ಇಲಾಖೆಯಲ್ಲಿ ಇದೇ ಕೆಲಸಕ್ಕೆ ಮತ್ತೊಂದು ಕಚೇರಿಯನ್ನು ತೆರೆದರು. ಅನ್ಯಲೋಕದವರ ಯಂತ್ರಗಳೆಂಬುದಕ್ಕೆ ಯಾವ ಪ್ರಮಾಣವೂ ಸಿಕ್ಕಿಲ್ಲವೆಂದು ಅದು 2024ರಲ್ಲಿ ವರದಿ ಕೊಟ್ಟಿತು. ಹಳೆಯ ನೀಲಿ ಪುಸ್ತಕದ ಕಾಗದಗಳೆಲ್ಲ ಅಲ್ಲಿಯ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿವೆ. ಯಾರು ಬೇಕಾದರೂ ಓದಬಹುದು.

ನಮ್ಮ ಹವಾಲ್ದಾರನು ಹೋದ ತಿಂಗಳು ಮತ್ತೆ ಬಂದಿದ್ದನು. ಲದಾಖಿನ ಹಾನ್ಲೆಯಲ್ಲಿರುವ ದೊಡ್ಡ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹದ ಮೂಲಕ ನಡೆಸುತ್ತಾರೆಂದು ಹೇಳಿದಾಗ ಅವನಿಗೆ ಬಹಳ ಆಶ್ಚರ್ಯವಾಯಿತು. "ಮೇಷ್ಟ್ರೇ, ನಮ್ಮ ಠಾಣೆಗೆ ಒಂದು ಪಂಚಾಂಗ ಕಳಿಸೋದು ಅದಕ್ಕಿಂತ ಸುಲಭವಾಗಿತ್ತಲ್ಲಾ" ಎಂದನು. ಈಗ ಅವನು ಮಗಳಿಗೆ ಸಂಜೆ ಹೊತ್ತು ನಕ್ಷತ್ರಗಳನ್ನು ತೋರಿಸುತ್ತಿದ್ದಾನೆ. ಸಾಲಾಗಿ ದೀಪ ಹಚ್ಚಿದಂತೆ ಹೋಗುವ ಹೊಸ ಉಪಗ್ರಹಗಳನ್ನು ಕಂಡು ಬೀದಿಯವರು ಕೂಗಿ ಕರೆದ ದಿನ, ಆ ಮಗು ಒಳಗೋಡಿ ಕ್ಯಾಲೆಂಡರಿನ ಹಿಂದೆ ಗಂಟೆ, ದಿಕ್ಕು, ಯಾವ ನಕ್ಷತ್ರದ ಪಕ್ಕದಲ್ಲಿ ಹೋಯಿತೆಂಬುದನ್ನು ಬರೆದಿಟ್ಟಿತಂತೆ. ಆ ಕ್ಯಾಲೆಂಡರನ್ನು ನಮಗೆ ತೋರಿಸುವುದಕ್ಕೆಂದೇ ತಂದಿದ್ದನು.