ಬರೆಯುವುದು ಕಿರಿಬಾಟಿ, ಓದುವುದು ಕಿರಿಬಾಸ್

ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆಯ ಆಚೀಚೆ ಚದುರಿಬಿದ್ದ 33 ದ್ವೀಪಗಳ ಪುಟ್ಟ ದೇಶ ಕಿರಿಬಾಸ್. ಭೂಪಟದಲ್ಲಿ ಹುಡುಕಿದರೆ ಈ ಹೆಸರು ಸಿಗದು. ಅಲ್ಲಿರುವುದು ‘ಕಿರಿಬಾಟಿ’. ದೇಶ ಒಂದೇ, ಬರಹ ಮಾತ್ರ ಬೇರೆ.

1788ರಲ್ಲಿ ಥಾಮಸ್ ಗಿಲ್ಬರ್ಟ್ ಎಂಬ ಬ್ರಿಟಿಷ್ ಕಪ್ತಾನ ತನ್ನ ಹಡಗಿನಲ್ಲಿ ಈ ದಾರಿಯಾಗಿ ಹಾದುಹೋದ. ಮುಂದೆ ಅವನ ಹೆಸರೇ ಅಂಟಿಕೊಂಡು ಇವು ‘ಗಿಲ್ಬರ್ಟ್ಸ್’ ಆದವು. ದ್ವೀಪವಾಸಿಗಳ ನುಡಿಯಲ್ಲಿ ‘ಗ’ಕಾರವಿಲ್ಲ, ‘ಲ’ಕಾರವೂ ಇಲ್ಲ. ಅವರ ಬಾಯಲ್ಲಿ ಗಿಲ್ಬರ್ಟ್ಸ್ ‘ಕಿರಿಬಾಸ್’ ಆಯಿತು.

ಆ ನುಡಿಗೆ ರೋಮನ್ ಲಿಪಿಯನ್ನು ಹೊಂದಿಸಿದವನು 1857ರಲ್ಲಿ ಅಬಯಾಂಗ್ ದ್ವೀಪಕ್ಕೆ ಬಂದ ಅಮೆರಿಕದ ಪಾದ್ರಿ ಹಿರಾಮ್ ಬಿಂಗ್‌ಹ್ಯಾಮ್. ಅಲ್ಲಿನ ಅಕ್ಷರಮಾಲೆಯಲ್ಲಿ ‘ಸ’ಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ‘ಟಿ’ ಎಂದು ಬರೆದದ್ದನ್ನೇ ‘ಸ್’ ಎಂದು ಓದಬೇಕು. ಇಲ್ಲಿಯದೇ ಆದ ಕ್ರಿಸ್‌ಮಸ್ ದ್ವೀಪವೂ ಹೀಗೆಯೇ ಬರಹದಲ್ಲಿ ‘ಕಿರಿಟಿಮಾಟಿ’, ಮಾತಿನಲ್ಲಿ ‘ಕಿರಿಸ್ಮಾಸ್’.

1979ರ ಜುಲೈ 12ರಂದು ಸ್ವಾತಂತ್ರ್ಯ ಬಂದಾಗ ಪರಕೀಯನ ಹೆಸರನ್ನು ಕಳಚಿ ಹಾಕಬಹುದಿತ್ತು. ಗಿಲ್ಬರ್ಟ್ ದ್ವೀಪಗಳಿಗೆ ‘ತುಂಗಾರು’ ಎಂಬ ಹಳೆಯ ಹೆಸರೂ ಇತ್ತು. ಆದರೆ ಹೊಸ ದೇಶಕ್ಕೆ ಬನಾಬಾ, ಫೀನಿಕ್ಸ್, ಲೈನ್ ದ್ವೀಪಗಳೂ ಸೇರಿದ್ದವು. ತುಂಗಾರು ಅವನ್ನು ಒಳಗೊಳ್ಳುತ್ತಿರಲಿಲ್ಲ. ಕಪ್ತಾನನ ಹೆಸರೇ ಉಳಿಯಿತು, ಆದರೆ ಅಲ್ಲಿನ ಜನರ ಉಚ್ಚಾರದಲ್ಲಿ.

ಹೆಸರನ್ನು ತಮ್ಮದಾಗಿಸಿಕೊಂಡವರಿಗೆ ಈಗ ನೆಲದ ಚಿಂತೆ. ಎತ್ತರದ ಬನಾಬಾ ಬಿಟ್ಟರೆ ಬಹುಪಾಲು ನೆಲ ಸಮುದ್ರಮಟ್ಟದಿಂದ ಎರಡು-ಮೂರು ಮೀಟರ್ ಮೇಲಿದೆ, ಅಷ್ಟೆ. ಕಡಲು ಏರುತ್ತಿದೆ. 2014ರಲ್ಲಿ ಸರ್ಕಾರ ದೂರದ ಫಿಜಿಯಲ್ಲಿ ಸುಮಾರು 20 ಚದರ ಕಿಲೋಮೀಟರ್ ಜಮೀನು ಕೊಂಡಿತು. ನಾಳೆ ಅಲ್ಲಿಗೆ ಹೋಗಬೇಕಾಗಿ ಬಂದರೆ, ಈ ಜನ ಖಂಡಿತ ಹೊತ್ತೊಯ್ಯಬಲ್ಲದ್ದು ಆ ಹೆಸರೊಂದನ್ನೇ.