ಇಸುಬೆಂಬ ವ್ಯಾಧಿಯೂ ನಮ್ಮದೊಂದು ತಪ್ಪೂ

ಈ ಸ್ಮರಣ ಸಂಚಿಕೆಗೆ ಆರೋಗ್ಯವಿಷಯಕವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ದಂತರಕ್ಷಣೆಯನ್ನೋ ಶುದ್ಧಜಲವನ್ನೋ ಕುರಿತು ನಾಲ್ಕು ಮಾತು ಬರೆದು ಮುಗಿಸೋಣವೆಂದು ಮೊದಲು ಯೋಚಿಸಿದೆವು. ಆದರೆ ಎರಡು ವರ್ಷಗಳಿಂದ ನಮ್ಮ ಮನಸ್ಸಿನ ಮೇಲೆ ಭಾರವಾಗಿ ಕುಳಿತಿರುವ ವಿಷಯವೊಂದುಂಟು. ಅದನ್ನು ಬಿಟ್ಟು ಬೇರೊಂದನ್ನು ಬರೆಯುವದು ನ್ಯಾಯವಾಗಿ ತೋರಲಿಲ್ಲ.

ನಮ್ಮ ಬೋರ್ಡಿಂಗಿನಲ್ಲಿದ್ದ ಎಂಟನೆಯ ತರಗತಿಯ ಬಾಲಿಕೆಯೊಬ್ಬಳ ಮೊಣಕೈಯ ಮಡಿಕೆಗಳಲ್ಲಿಯೂ ಮೊಣಕಾಲಿನ ಹಿಂಭಾಗದಲ್ಲಿಯೂ ಕುತ್ತಿಗೆಯಲ್ಲಿಯೂ ಚರ್ಮವು ಕೆಂಪೇರಿ ಬಿರಿದು, ಕೆಲವು ಕಡೆ ರಸ ಸೋರುತ್ತಿತ್ತು. ಸಹಪಾಠಿನಿಯರ ತಾಯಂದಿರಿಬ್ಬರು ಬಂದು, ಇದು ಅಂಟುವ ಕಜ್ಜಿ, ತಮ್ಮ ಮಕ್ಕಳ ಪಕ್ಕದಲ್ಲಿ ಅವಳನ್ನು ಕೂರಿಸಕೂಡದು ಎಂದು ಆಕ್ಷೇಪಿಸಿದರು. ನಾವು ವೈದ್ಯರನ್ನು ಕೇಳಲಿಲ್ಲ. ಆಕೆಯ ಹಾಸಿಗೆಯನ್ನು ಮೂಲೆಗೆ ಸರಿಸಿದೆವು. ತರಗತಿಯಲ್ಲಿ ಕಿಟಕಿಯ ಬಳಿ ಒಂಟಿ ಬೆಂಚು ಹಾಕಿಸಿದೆವು. ದಿನಕ್ಕೆರಡಾವರ್ತಿ ಬಿಸಿನೀರಿನಲ್ಲಿ, ಕ್ರಿಮಿನಾಶಕ ಸಾಬೂನಿನಿಂದ, ಚೆನ್ನಾಗಿ ಉಜ್ಜಿ ಸ್ನಾನಮಾಡಬೇಕೆಂದು ಅಪ್ಪಣೆ ಕೊಟ್ಟೆವು. ಪಾಠದಲ್ಲಿ ತೂಕಡಿಸುತ್ತಾಳೆಂದು ಗದರಿಸಿದ್ದೂ ಉಂಟು. ತುರಿಕೆಯಿಂದ ಆಕೆ ನಡುರಾತ್ರಿಯ ತನಕ ಎಚ್ಚರವಾಗಿರುತ್ತಿದ್ದಳೆಂಬದು ನಮಗೆ ತಿಳಿಯಲಿಲ್ಲ, ಯಾಕಂದರೆ ನಾವು ಕೇಳಲಿಲ್ಲ.

ಯಾಜಕಕಾಂಡದ 13ನೆಯ ಅಧ್ಯಾಯವನ್ನು ನಾವು ಎಷ್ಟೋ ಸಾರಿ ಓದಿದ್ದೇವೆ. ಚರ್ಮದಲ್ಲಿ ಮಚ್ಚೆ ಕಂಡವನನ್ನು ಯಾಜಕನು ಏಳು ದಿನ ಪ್ರತ್ಯೇಕವಾಗಿರಿಸಿ, ಏಳನೆಯ ದಿನ ತಿರುಗಿ ಪರೀಕ್ಷಿಸಬೇಕೆಂದು ಅಲ್ಲಿ ವಿಧಿಸಿದೆ. ನಾವಾದರೋ ಪ್ರತ್ಯೇಕಿಸಿದೆವು, ತಿರುಗಿ ನೋಡಲಿಲ್ಲ.

ಎರಡು ತಿಂಗಳಾದ ಮೇಲೆ ಗಾಯಗಳಿಗೆ ಹಳದಿ ಹಕ್ಕಳೆ ಕಟ್ಟಿ ಜ್ವರವೂ ಬಂದದರಿಂದ ಆಕೆಯನ್ನು ಚರ್ಮರೋಗತಜ್ಞೆಯಾದ ವೈದ್ಯೆಯೊಬ್ಬರ ಬಳಿಗೆ ಕರೆದುಕೊಂಡು ಹೋದೆವು. ಆಕೆ ನೋಡಿದವರೇ, ಇದು ಕಜ್ಜಿಯಲ್ಲ, ಇಸುಬು, ಎಂದರೆ ಎಕ್ಜಿಮಾ. ಇದು ಒಬ್ಬರಿಂದೊಬ್ಬರಿಗೆ ಅಂಟುವದಿಲ್ಲ ಎಂದರು. ಬಳಿಕ, ಈ ಸಾಬೂನನ್ನು ಹಚ್ಚಹೇಳಿದವರು ಯಾರು ಎಂದು ಕೇಳಿದರು. ನಾವೇ ಎಂದು ಹೇಳಬೇಕಾಯಿತು.

ಎಕ್ಜಿಮಾ ಎಂಬದು ಗ್ರೀಕ್ ಭಾಷೆಯಿಂದ ಬಂದ ಮಾತು. ಕುದಿದು ಉಕ್ಕುವದು ಎಂದು ಅದರ ಅರ್ಥ. ಹಿಂದಿನವರು ಕುದಿತವನ್ನು ಮಾತ್ರ ಕಂಡರು. ಕುದಿತಕ್ಕೆ ಮೊದಲೇ ಗೋಡೆಯೊಂದು ಬಿರುಕುಬಿಟ್ಟಿರುತ್ತದೆಂಬದು ಸಮೀಪಕಾಲದಲ್ಲಿ ಸ್ಪಷ್ಟವಾಯಿತು. ನಮ್ಮ ಚರ್ಮದ ಅತ್ಯಂತ ಹೊರಪದರವು ಇಟ್ಟಿಗೆಯ ಗೋಡೆಯಂತಿದೆ. ಜೀವಕಣಗಳೇ ಇಟ್ಟಿಗೆಗಳು; ಅವುಗಳ ನಡುವಣ ಕೊಬ್ಬಿನಂಶವೇ ಗಾರೆ. ಇಟ್ಟಿಗೆಗಳನ್ನು ಗಟ್ಟಿಗೊಳಿಸಿ, ಬಳಿಕ ತಾನೇ ಕರಗಿ ಚರ್ಮದಲ್ಲಿ ನೀರನ್ನು ಹಿಡಿದಿಡುವ ಫಿಲಾಗ್ರಿನ್ ಎಂಬ ಸಸಾರಜನಕವೊಂದುಂಟು. ಅದನ್ನು ನಿರ್ಮಿಸುವ ಜೀನಿನಲ್ಲಿ ಹುಟ್ಟಿನಿಂದಲೇ ದೋಷವಿದ್ದವರಿಗೆ ಇಸುಬು ಸುಲಭವಾಗಿ ಬರುವದೆಂದು ಡಂಡೀ ನಗರದ ಇರ್ವಿನ್ ಮೆಕ್ಲೀನ್, ಡಬ್ಲಿನ್ ನಗರದ ಅಲನ್ ಇರ್ವೈನ್ ಮೊದಲಾದವರು 2006ನೆಯ ಇಸವಿಯಲ್ಲಿ ತೋರಿಸಿದರು. ಇಸುಬುಳ್ಳವರೆಲ್ಲರಲ್ಲಿಯೂ ಈ ದೋಷವಿರುವದೆಂದಲ್ಲ. ಆದರೆ ಗೋಡೆಯು ಸಡಿಲವಾಗಿರುವದು ಸಾಮಾನ್ಯ. ಸಡಿಲವಾದಲ್ಲಿ ಒಳಗಿನ ನೀರು ಹೊರಕ್ಕೆ ಸೋರಿ, ಹೊರಗಿನ ಧೂಳೂ ಸಾಬೂನೂ ಕ್ರಿಮಿಗಳೂ ಒಳಕ್ಕೆ ನುಗ್ಗುತ್ತವೆ. ಶರೀರದ ಕಾವಲುಪಡೆ ಕೆರಳಿ ಇಂಟರ್‌ಲ್ಯೂಕಿನ್ 4, ಇಂಟರ್‌ಲ್ಯೂಕಿನ್ 13 ಎಂಬ ಸಂದೇಶದ್ರವ್ಯಗಳನ್ನು ಹೊರಡಿಸುತ್ತದೆ. ಕೆಡುಕೇನಂದರೆ, ಈ ದ್ರವ್ಯಗಳು ಫಿಲಾಗ್ರಿನ್ನಿನ ಉತ್ಪತ್ತಿಯನ್ನು ಇನ್ನಷ್ಟು ತಗ್ಗಿಸುತ್ತವೆ. ಹೀಗೆ ಬಿರುಕಿನಿಂದ ಬೆಂಕಿ, ಬೆಂಕಿಯಿಂದ ಬಿರುಕು. ಇನ್ನು ಸಾಬೂನೋ, ಇದ್ದ ಗಾರೆಯನ್ನೂ ತೊಳೆದುಹಾಕುತ್ತದೆ. ಪಾಪ, ಆ ಹುಡುಗಿಯು ನಮ್ಮ ಅಪ್ಪಣೆಯನ್ನು ಒಂದು ದಿನವೂ ಮೀರಿರಲಿಲ್ಲ.

ಬೆಂಕಿಯನ್ನಾರಿಸುವ ಔಷಧಗಳಲ್ಲಿ ಸ್ಟೆರಾಯ್ಡ್ ಮುಲಾಮಿಗೆ ಈಗಲೂ ಅಗ್ರಸ್ಥಾನವುಂಟು. ಮೇರಿಯನ್ ಸುಲ್ಜ್‌ಬರ್ಗರ್, ವಿಕ್ಟರ್ ವಿಟನ್ ಎಂಬ ಅಮೇರಿಕದ ವೈದ್ಯರಿಬ್ಬರು ಹೈಡ್ರೋಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡದ್ದನ್ನು 1952ರಲ್ಲಿ ಪ್ರಕಟಿಸಿದರು. ವೈದ್ಯರು ಹೇಳಿದ ಬಲದ್ದನ್ನು, ಹೇಳಿದಷ್ಟೇ ದಿನ ಹಚ್ಚಿದರೆ ಇದು ಒಳ್ಳೆಯ ಸೇವಕ. ಆದರೆ ಬಲವಾದದ್ದನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವು ತೆಳುವಾಗುತ್ತದೆ. ಅಂದರೆ ಬೆಂಕಿ ಆರಿದರೂ ಗೋಡೆ ಸವೆಯುತ್ತದೆ. ನಮ್ಮ ಬಾಲಿಕೆಯ ತಂದೆಯು ಔಷಧದಂಗಡಿಯಲ್ಲಿ ಕೇಳಿ ತಂದ ಕೊಳವೆಯೊಂದರಲ್ಲಿ ಬಲವಾದ ಸ್ಟೆರಾಯ್ಡನ್ನು ಬೂಷ್ಟುನಾಶಕದೊಡನೆಯೂ ಕ್ರಿಮಿನಾಶಕದೊಡನೆಯೂ ಬೆರಸಿತ್ತು. ಹಚ್ಚಿದರೆ ಇಳಿಯುವದು, ಬಿಟ್ಟರೆ ಮರಳುವದು. ಹೀಗೆ ಒಂದು ವರ್ಷ ನಡೆದಿತ್ತಂತೆ. ಇಂಥ ಕೆಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರಕಾರವು 2018ರಲ್ಲಿ ನಿಯಮ ಮಾಡಿತು. ನಿಯಮವಾದ ಮಾತ್ರಕ್ಕೆ ಅಂಗಡಿಯ ಅಭ್ಯಾಸ ಬದಲಾಗುವದೇ? ಇತ್ತ, ಸ್ಟೆರಾಯ್ಡ್ ಎಂಬ ಹೆಸರು ಕೇಳಿಯೇ ಹೆದರಿ, ವೈದ್ಯರು ಕೊಟ್ಟದ್ದನ್ನೂ ಹಚ್ಚದೆ ಮಗುವನ್ನು ತುರಿಕೆಗೆ ಬಿಡುವ ತಾಯಂದಿರೂ ಇದ್ದಾರೆ. ಇದೂ ಸರಿಯಲ್ಲ.

ಕಣ್ಣೆವೆ, ಕುತ್ತಿಗೆ ಮುಂತಾದ ಮೃದುಸ್ಥಳಗಳಿಗೆ ಟ್ಯಾಕ್ರೋಲಿಮಸ್ ಎಂಬ ಬೇರೊಂದು ಮುಲಾಮಿದೆ. ಜಪಾನ್ ದೇಶದ ತ್ಸುಕುಬಾ ಪ್ರಾಂತದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ 1984ರಲ್ಲಿ ದೊರೆತ ಈ ದ್ರವ್ಯವು ಸ್ಟೆರಾಯ್ಡ್ ಅಲ್ಲವಾದದರಿಂದ ಚರ್ಮವನ್ನು ತೆಳುಮಾಡುವದಿಲ್ಲ. ಮೊದಲ ದಿನಗಳಲ್ಲಿ ಉರಿಯುವದುಂಟು. ನಮ್ಮ ಬಾಲಿಕೆ ಅದಕ್ಕೆ ಅತ್ತದ್ದೂ ಉಂಟು.

ಇಲ್ಲಿ ನಮ್ಮ ಬಾಲ್ಯದ ಒಂದು ನೆನಪನ್ನು ಹೇಳಿಬಿಡುತ್ತೇವೆ. ನಾವು ಮಿಷನ್ ಬೋರ್ಡಿಂಗಿನಲ್ಲಿ ಓದುತ್ತಿದ್ದಾಗ, ಡಿಸ್ಪೆನ್ಸರಿಯ ವೃದ್ಧ ದಾದಿಯಮ್ಮನವರು ಇಂಥ ಚರ್ಮದ ಹುಡುಗಿಯರಿಗೆ ಕಪ್ಪು ಬಣ್ಣದ ಮುಲಾಮೊಂದನ್ನು ಬಳಿಯುತ್ತಿದ್ದರು. ಅದು ಕಲ್ಲಿದ್ದಲಿನಿಂದ ತೆಗೆದು ಔಷಧಕ್ಕಾಗಿ ಸಿದ್ಧಪಡಿಸಿದ ಟಾರು; ರಸ್ತೆಯ ಡಾಂಬರೆಂದು ಯಾರೂ ತಿಳಿಯಬಾರದು. ದುರ್ವಾಸನೆಯೋ ಅಪಾರ! ದಿಂಬಿನ ಚೀಲಗಳಲ್ಲಿ ಕಲೆ ಉಳಿಯುತ್ತಿತ್ತು. ನಾವೆಲ್ಲರೂ ಮೂಗು ಮುಚ್ಚಿಕೊಂಡು ನಗುತ್ತಿದ್ದೆವು. ಹಚ್ಚಿಸಿಕೊಂಡವರು ರಾತ್ರಿ ನಿದ್ರೆಮಾಡುತ್ತಿದ್ದರೆಂಬದು ಮಾತ್ರ ನಿಜ. ಅದು ಯಾಕೆ ಗುಣಕಾರಿಯೆಂದು ಆ ದಾದಿಯಮ್ಮನವರಿಗೆ ತಿಳಿದಿರಲಿಲ್ಲ. ಆಗ ಯಾವ ವೈದ್ಯರಿಗೂ ಸರಿಯಾಗಿ ತಿಳಿದಿರಲಿಲ್ಲ. ನೆದರ್ಲೆಂಡ್ಸ್ ದೇಶದ ನೈಮೇಗನ್ ನಗರದ ಸಂಶೋಧಕರು 2013ರಲ್ಲಿ ಕಾರಣವನ್ನು ಪ್ರಕಟಿಸಿದರು. ಚರ್ಮದ ಜೀವಕಣಗಳೊಳಗೆ ಅರಿಲ್ ಹೈಡ್ರೋಕಾರ್ಬನ್ ಗ್ರಾಹಕವೆಂಬ ಬೀಗವೊಂದಿದೆ. ಟಾರಿನಲ್ಲಿರುವ ದ್ರವ್ಯಗಳು ಕೀಲಿಕೈಯಂತೆ ಆ ಬೀಗವನ್ನು ತಿರುಗಿಸುತ್ತವೆ. ಆಗ ಫಿಲಾಗ್ರಿನ್ನಿನ ಉತ್ಪತ್ತಿ ಹೆಚ್ಚುತ್ತದೆ, ಆ ಇಂಟರ್‌ಲ್ಯೂಕಿನ್ನುಗಳ ಹಾವಳಿಯೂ ತಗ್ಗುತ್ತದೆ. ಬೆಂಕಿಯನ್ನಾರಿಸುವದೂ ಗೋಡೆ ಕಟ್ಟುವದೂ ಒಂದೇ ಕೀಲಿಯಿಂದ!

ಅದೇ ಬೀಗಕ್ಕೆ ವಾಸನೆಯಿಲ್ಲದ ಹೊಸ ಕೀಲಿಯೂ ದೊರೆತಿದೆ. ಮಣ್ಣಿನಲ್ಲಿ ವಾಸಿಸುವ ಕೂದಲಿನಷ್ಟು ಸಣ್ಣ ಹುಳುಗಳ ಉದರದಲ್ಲಿ ಫೋಟೋರ‍್ಯಾಬ್ಡಸ್ ಎಂಬ ಸೂಕ್ಷ್ಮಾಣುಗಳಿರುತ್ತವೆ. ಅವು ತಯಾರಿಸುವ ದ್ರವ್ಯವೊಂದರಲ್ಲಿ ಉರಿಯೂತವನ್ನು ಶಮನಗೊಳಿಸುವ ಗುಣವನ್ನು ಕೆನಡಾ ದೇಶದವರು ಕಂಡರು. ಅದರಿಂದಾದ ಟಾಪಿನಾರಾಫ್ ಎಂಬ ಲೇಪಕ್ಕೆ, ಎರಡು ವರ್ಷ ಮೇಲ್ಪಟ್ಟ ಮಕ್ಕಳ ಇಸುಬಿಗೂ ಹಚ್ಚಬಹುದೆಂದು ಅಮೇರಿಕದಲ್ಲಿ 2024ರ ಡಿಸೆಂಬರಿನಲ್ಲಿ ಅನುಮತಿಯಾಯಿತು. ದಿನಕ್ಕೊಮ್ಮೆ ಹಚ್ಚತಕ್ಕದ್ದು, ಕೂದಲಿನ ಬುಡದಲ್ಲಿ ಗುಳ್ಳೆ, ತಲೆನೋವು ಕೆಲವರಿಗುಂಟು. ವ್ಯಾಧಿ ಉಗ್ರವಾದವರಿಗೆ ಆ ಇಂಟರ್‌ಲ್ಯೂಕಿನ್ನುಗಳೆರಡರ ಸಂದೇಶವನ್ನೇ ತಡೆಯುವ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದು 2017ರಿಂದ ಉಂಟು. ಇವು ನಮ್ಮ ಬಾಲಿಕೆಯರ ಮನೆಗಳ ಕೈಗೆ ನಿಲುಕುವಂಥವಲ್ಲ. ಅಷ್ಟಕ್ಕೂ ನಮ್ಮ ವೈದ್ಯೆಯು ಮೊದಲು ಬರೆದುಕೊಟ್ಟದ್ದು ಅತಿ ಅಗ್ಗದ ವಸ್ತುವನ್ನು: ಬಿಳಿಯ ಪೆಟ್ರೋಲಿಯಂ ಜೆಲ್ಲಿ. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ, ಉಜ್ಜದೆ ಬಟ್ಟೆಯಿಂದೊತ್ತಿ, ಮೈ ಇನ್ನೂ ತೇವವಾಗಿರುವಾಗಲೇ ಅದನ್ನು ಧಾರಾಳವಾಗಿ ಹಚ್ಚಬೇಕು. ಗಾಯವಿರಲಿ ಇಲ್ಲದಿರಲಿ, ದಿನವೂ ಹಚ್ಚಬೇಕು. ಹಳದಿ ಹಕ್ಕಳೆ ಕಟ್ಟಿದರೆ ಕ್ರಿಮಿ ಹೊಕ್ಕಿದೆಯೆಂದರಿತು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಆಕೆಯ ಕೈಗಳು ಆರು ವಾರಗಳಲ್ಲಿ ಬಹುಮಟ್ಟಿಗೆ ಗುಣವಾದವು. ವ್ಯಾಧಿ ಬೇರುಸಹಿತ ಹೋಗಿಲ್ಲ. ಚಳಿಗಾಲದಲ್ಲಿ ಮರಳುತ್ತದೆ, ಮರಳಿದಾಗ ಆಕೆಗೇ ಏನು ಮಾಡಬೇಕೆಂದು ತಿಳಿದಿದೆ. ಬೆಂಚನ್ನು ನಾವೇ ಎತ್ತಿಸಿ ಎರಡನೆಯ ಸಾಲಿಗೆ ತಂದೆವು. ತರಗತಿಯವರೆಲ್ಲರ ಮುಂದೆ ನಮ್ಮ ತಪ್ಪನ್ನೂ ಹೇಳಿಕೊಂಡೆವು. ಆಕೆ ತಲೆ ತಗ್ಗಿಸಿಕೊಂಡೇ ಕುಳಿತಿದ್ದಳು. ಆ ತಾಯಂದಿರಿಬ್ಬರಲ್ಲಿ ಒಬ್ಬರು ಬಂದು ಕ್ಷಮೆ ಕೇಳಿದರು, ಇನ್ನೊಬ್ಬರು ಬರಲಿಲ್ಲ.

ಬೋರ್ಡಿಂಗಿನ ಸ್ನಾನದ ಮನೆಯಲ್ಲಿ ಈಗ ಜೆಲ್ಲಿಯ ದೊಡ್ಡ ಡಬ್ಬಿಯೊಂದಿದೆ. ಪಕ್ಕದಲ್ಲಿ ತೆಗೆದುಕೊಳ್ಳಲು ಮರದ ಚಮಚವೊಂದು. ಇದರ ವೆಚ್ಚವನ್ನು ಯಾವ ತಲೆಬರಹದ ಕೆಳಗೆ ಬರೆಯಲಿ ಎಂದು ನಮ್ಮ ಗುಮಾಸ್ತರು ಕೇಳಿದರು. ಕ್ರಿಮಿನಾಶಕ ಸಾಬೂನಿಗೆಂದಿರಿಸಿದ್ದ ಹಣವು ಉಳಿದಿತ್ತಾದದರಿಂದ ಅದರಲ್ಲಿಯೇ ಬರೆಯಿರೆಂದೆವು.