ಸಿಕ್ಕಿನಿಂದ ಹುಟ್ಟಿದ ಯುದ್ಧ

ಗಡಿನಾಡಿನ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವನಿಗೆ ಒಂದು ಅನುಕೂಲವಿದೆ. ಅವನ ವಿದ್ಯಾರ್ಥಿಗಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ, ತರಗತಿಯಲ್ಲಿ ಕನ್ನಡವನ್ನು, ಪೇಟೆಯಲ್ಲಿ ಮಲಯಾಳವನ್ನು ಆಡುತ್ತ ಬೆಳೆದವರು. ಗಡಿ ದಾಟುವ ಪದ ವೇಷ ಬದಲಿಸುತ್ತದೆಂಬುದನ್ನು ಅವರಿಗೆ ವಿವರಿಸಬೇಕಾಗಿಲ್ಲ. ಕಾಸರಗೋಡಿನ ನಮ್ಮ ಈ ಶಾಲೆಯಲ್ಲಿ ಕಲಿತು, ಮುಂದೆ ಇಲ್ಲಿಯೇ ಆ ಪಾಠ ಹೇಳಿದ ನನಗೆ, ಇತಿಹಾಸ ಪುಸ್ತಕದ ಪುಟಪುಟದಲ್ಲೂ ಎದುರಾಗುವ ‘ವಾರ್’ ಎಂಬ ಪುಟ್ಟ ಪದ ಬಹುಕಾಲದ ಕುತೂಹಲ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅದನ್ನೇ ಹಂಚಿಕೊಳ್ಳಬಯಸುತ್ತೇನೆ.

ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್, ಐಸ್‌ಲ್ಯಾಂಡಿಕ್ ಇವು ಜರ್ಮಾನಿಕ್ ಕುಲದ ಸೋದರ ಭಾಷೆಗಳು. ಇಂಗ್ಲಿಷಿನ ‘ಹೌಸ್’ ಜರ್ಮನ್ನಿನಲ್ಲಿಯೂ ‘ಹೌಸ್’. ‘ವಾಟರ್’ ಅಲ್ಲಿ ‘ವಾಸರ್’. ಮನೆಗೆ, ನೀರಿಗೆ ಒಂದೇ ಮಾತಿರುವ ಈ ಸೋದರರು ಯುದ್ಧದ ಹೆಸರಿನಲ್ಲಿ ಮಾತ್ರ ಬೇರೆ ಬೇರೆ. ಇಂಗ್ಲಿಷರಿಗೆ ‘ವಾರ್’, ಜರ್ಮನ್ನರಿಗೆ ‘ಕ್ರೀಗ್’, ಡಚ್ಚರಿಗೆ ‘ಓರ್ಲೋಗ್’, ಐಸ್‌ಲ್ಯಾಂಡಿನವರಿಗೆ ‘ಸ್ತ್ರೀದ್’.

‘ವಾರ್’ ಪದದ ಮೂಲದಲ್ಲಿ ಖಡ್ಗವಿಲ್ಲ, ಸೈನ್ಯವಿಲ್ಲ. ಪ್ರಾಚೀನ ಜರ್ಮನ್ನಿನ ‘ವೆರ್ರಾ’ ಎಂದರೆ ಗೊಂದಲ, ಕಲಹ. ಇಂದಿಗೂ ಜರ್ಮನ್ನಿನಲ್ಲಿ ‘ವಿರ್’ ಎಂದರೆ ಗೊಂದಲಗೊಂಡದ್ದು. ಡಚ್ ಭಾಷೆಯಲ್ಲಿ ‘ವಾರ್’ ಎಂಬುದಕ್ಕೆ ಸಿಕ್ಕು, ಗೋಜಲು ಎಂಬುದೇ ಅರ್ಥ. ನೂಲು ಸಿಕ್ಕಾದರೂ ಮನಸ್ಸು ಗಲಿಬಿಲಿಗೊಂಡರೂ ಅವರು ಆ ಪದವನ್ನೇ ಬಳಸುತ್ತಾರೆ. ಜರ್ಮಾನಿಕ್ ಜನಾಂಗದ ಫ್ರಾಂಕರು ಗಾಲ್ ದೇಶವನ್ನು ಆಳಲಾರಂಭಿಸಿದಾಗ ಈ ಪದ ಅಲ್ಲಿನ ಲ್ಯಾಟಿನ್ ಸಂತತಿಯ ಭಾಷೆಯನ್ನು ಸೇರಿತು. ಲ್ಯಾಟಿನ್ನಿನಲ್ಲಿ ಯುದ್ಧಕ್ಕೆ ‘ಬೆಲ್ಲುಂ’ ಎಂಬ ಪದವಿತ್ತು. ‘ಸುಂದರ’ ಎಂಬರ್ಥದ ‘ಬೆಲ್ಲುಸ್’ ಅದಕ್ಕೆ ತೀರ ಹತ್ತಿರವಾದ್ದರಿಂದ ಹಳೆಯ ಪದ ಹಿಂದೆ ಸರಿಯಿತೆಂದು ವಿದ್ವಾಂಸರು ಹೇಳುವುದುಂಟು. ಹೀಗೆ ಫ್ರೆಂಚಿನ ‘ಗೇರ್’, ಸ್ಪ್ಯಾನಿಷ್ ಹಾಗೂ ಇಟಾಲಿಯನ್ನಿನ ‘ಗೆರ್ರಾ’ ಹುಟ್ಟಿದವು. ನಾವು ಪತ್ರಿಕೆಗಳಲ್ಲಿ ಓದುವ ‘ಗೆರಿಲ್ಲಾ’ ಆ ಸ್ಪ್ಯಾನಿಷ್ ಪದದ ಕೂಸು. ‘ಕಿರುಯುದ್ಧ’ ಎಂಬುದು ಅದರ ಅರ್ಥ.

ಉತ್ತರ ಫ್ರಾನ್ಸಿನ ನಾರ್ಮನ್ನರು ಮಾತ್ರ ‘ಗ’ಕಾರದ ಬದಲು ಹಳೆಯ ‘ವ’ಕಾರವನ್ನೇ ಉಳಿಸಿಕೊಂಡಿದ್ದರು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಅವರ ನುಡಿಯ ‘ವೆರ್ರೆ’ಯೇ ಇಂಗ್ಲಿಷಿನ ‘ವಾರ್’ ಆಯಿತು. ಇಂಗ್ಲಿಷಿನಲ್ಲಿ ಎರಡೂ ರೂಪಗಳನ್ನು ಪಡೆದ ಜೋಡಿಪದಗಳೂ ಇವೆ. ಹಾಸ್ಟೆಲಿನ ‘ವಾರ್ಡನ್’ ಹಾಗೂ ಪ್ರಗತಿಪತ್ರಕ್ಕೆ ಸಹಿ ಹಾಕುವ ‘ಗಾರ್ಡಿಯನ್’ ಮೂಲತಃ ಒಬ್ಬರೇ. ಅಂಗಡಿಯವನ ‘ವಾರಂಟಿ’, ‘ಗ್ಯಾರಂಟಿ’ಗಳೂ ಒಂದೇ.

ಜರ್ಮನ್ನರ ‘ಕ್ರೀಗ್’ ಪದಕ್ಕೆ ಮೊದಲಿದ್ದ ಅರ್ಥ ಹಟ. ಅದು ಪ್ರಯತ್ನವಾಗಿ, ವಾಗ್ವಾದವಾಗಿ, ಕೊನೆಗೆ ಯುದ್ಧವಾಯಿತು. ಸ್ವೀಡಿಷ್, ಡ್ಯಾನಿಷ್ ಭಾಷೆಗಳು ಅದನ್ನು ‘ಕ್ರಿಗ್’ ಎಂದು ಉತ್ತರ ಜರ್ಮನಿಯಿಂದ ಎರವಲು ಪಡೆದವು. ಐಸ್‌ಲ್ಯಾಂಡಿನ ‘ಸ್ತ್ರೀದ್’ ಪದದ ಜರ್ಮನ್ ಸೋದರ ‘ಶ್ಟ್ರೈಟ್’ ಎಂದರೆ ಬರಿಯ ಜಗಳ. ಸಿಕ್ಕು, ಹಟ, ಜಗಳ: ಯುದ್ಧಕ್ಕೆ ದಾರಿ ಯಾವುದೆಂದು ಈ ಪದಗಳೇ ಹೇಳುತ್ತಿರುವಂತಿದೆ.

ಹಾಗಾದರೆ ಇಂಗ್ಲಿಷರಿಗೆ ಸ್ವಂತದ ಪದವಿರಲಿಲ್ಲವೆ? ‘ಹಿಲ್ಡ್’, ‘ಗೂಥ್’, ‘ವೀಗ್’ ಮೊದಲಾದ ಎಷ್ಟೋ ಪದಗಳು ಹಳೆಯ ಇಂಗ್ಲಿಷ್ ಕಾವ್ಯದಲ್ಲಿದ್ದವು. ಅವೆಲ್ಲ ಬಳಕೆ ತಪ್ಪಿದವು. ಇಂದು ಹಿಲ್ಡಾ, ಮಟಿಲ್ಡಾ ಎಂಬ ಹೆಸರುಗಳಲ್ಲಿ ಕಾಳಗ ಅಡಗಿದೆಯೆಂದು ಆ ಹೆಸರಿನವರೇ ಬಹುಮಟ್ಟಿಗೆ ಅರಿಯರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಮೋಗ್ಲಿಂಗ್, 1872ರಲ್ಲಿ ಮಲಯಾಳ ನಿಘಂಟನ್ನು ಹೊರತಂದ ಗುಂಡರ್ಟ್, ಈ ಇಬ್ಬರು ಜರ್ಮನ್ ಪಾದ್ರಿಗಳ ಹೆಸರೂ ಹರ್ಮನ್. ಆ ಹೆಸರಿನ ಅರ್ಥ ಸೇನೆಯ ಮನುಷ್ಯ! ಆದರೆ ಅವರು ನಮ್ಮ ಕರಾವಳಿಗೆ ಕೊಟ್ಟದ್ದು ಪತ್ರಿಕೆಯನ್ನು, ನಿಘಂಟನ್ನು.

ನಮ್ಮಲ್ಲಿಯೂ ಪತ್ರಿಕೆಗೆ ‘ಯುದ್ಧ’ವೇ ಬೇಕು. ‘ಕಾಳಗ’ ಉಳಿದಿರುವುದು ಹೆಚ್ಚಾಗಿ ಯಕ್ಷಗಾನದ ರಂಗಸ್ಥಳದಲ್ಲಿ. ‘ಸುಧನ್ವ ಕಾಳಗ’ ನೋಡಿ ಬೆಳೆದ ಮಕ್ಕಳಿಗೆ ಅದು ಜೀವಂತ ಪದ. ಆಟದ ಅರ್ಥಗಾರಿಕೆಯನ್ನು ಕೇಳಿ ತಿಳಿಯುವ ಕನ್ನಡ ಇಲ್ಲದಾದರೆ ‘ಕಾಳಗ’ವೂ ಹಿಲ್ಡಾಳ ಹೆಸರಿನಂತೆ ಅರ್ಥವಿಲ್ಲದ ಸದ್ದಾಗಿ ಉಳಿಯಬಹುದು. ಕನ್ನಡ ತರಗತಿಯ ಬೆಂಚುಗಳನ್ನು ಎಣಿಸುವಾಗ ನನ್ನನ್ನು ಕಾಡುವ ಆತಂಕ ಇದೇ.

ಇನ್ನೊಂದು ಮಾತು. ತಮಿಳು, ಮಲಯಾಳಗಳಲ್ಲಿ ಯುದ್ಧಕ್ಕೆ ‘ಪೋರ್’ ಎನ್ನುತ್ತಾರೆ. ‘ಪಾಲ್’ ನಮ್ಮಲ್ಲಿ ‘ಹಾಲು’ ಆದಂತೆ ಆ ‘ಪೋರ್’ ನಮ್ಮಲ್ಲಿ ‘ಹೋರು’ ಆಯಿತು, ಅದರಿಂದ ‘ಹೋರಾಟ’. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕವಿ ಕಯ್ಯಾರ ಕಿಞ್ಞಣ್ಣ ರೈಗಳಂತಹ ಹಿರಿಯರು ನಡೆಸಿದುದನ್ನು ನಾವು ಕರೆಯುವುದು ಆ ಹೆಸರಿನಿಂದಲೇ. ನೆರೆಯವರೊಡನೆ ನಮಗಿರುವ ತಕರಾರನ್ನು ಹೇಳುವ ಪದವೂ ನೆರೆಯವರೊಡನೆ ಹಂಚಿಕೊಂಡದ್ದೇ ಆಗಿದೆ. ಇದರಿಂದ ನಮ್ಮ ಹಕ್ಕಿನ ಮಾತು ಸಡಿಲವಾಗದು. ಆದರೆ ಸಿಕ್ಕಾದ ನೂಲನ್ನು ಕತ್ತರಿಸುವುದು ಬೇರೆ, ಬಿಡಿಸುವುದು ಬೇರೆ. ಐವತ್ತು ವರ್ಷಗಳಿಂದ ಈ ಶಾಲೆ ಮಕ್ಕಳ ಕೈಗೆ ಕೊಟ್ಟಿರುವುದು ಬಿಡಿಸುವ ಕೆಲಸವನ್ನು. ಅದಕ್ಕೆ ನೂಲಿನ ಎರಡೂ ತುದಿಗಳ ಪರಿಚಯ ಬೇಕು. ಅವುಗಳಲ್ಲಿ ಒಂದು ತುದಿ ಕನ್ನಡ.